ಘಟ್ಟದ ದಾರಿಯಲ್ಲಿ ಕಳೆದ ನಿಮಿಷಗಳು

(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



ಘಟ್ಟದ ರಸ್ತೆಯನ್ನು ಅಗಲಗೊಳಿಸುವ ಮಾತು ಬಂದಾಗಲೆಲ್ಲ ನಾವು ಮರಗಳನ್ನು ಎಣಿಸುತ್ತೇವೆ. ಯೋಜನೆಯ ಕಡತದಲ್ಲಿ ಎಣಿಕೆಯಾಗುವುದು ನಿಮಿಷಗಳು. ಒಂದೊಂದು ವಾಹನಕ್ಕೆ ಉಳಿಯುವ ಕಾಲವನ್ನು ಸಾವಿರಾರು ವಾಹನಗಳಿಂದ ಗುಣಿಸಿ, ಗಂಟೆಗೆ ಇಷ್ಟು ರೂಪಾಯಿ ಎಂದು ಬೆಲೆ ಕಟ್ಟಿದರೆ ಲಾಭದ ಲೆಕ್ಕ ಸಿದ್ಧ. ಆ ನಿಮಿಷಗಳನ್ನು ಅಳೆದವರು ಯಾರು, ಯಾವ ದಿನ ಅಳೆದರು ಎಂದು ನಾವು ಕೇಳಿದ್ದು ಕಡಿಮೆ.

ನಮ್ಮ ಹೊಣೆಯೂ ಒಂದಿದೆ. ಹೆರಿಗೆಗೆ ಹೊರಟ ನಮ್ಮ ಕೇರಿಯ ಹೆಣ್ಣುಮಗಳ ಜೀಪು ದೀಪಾವಳಿ ರಜೆಯ ಕಾರುಗಳ ಸಾಲಿನಲ್ಲಿ ಎರಡು ಗಂಟೆ ನಿಂತದ್ದನ್ನು ಕಂಡವನು ನಾನು. ಅಗಲೀಕರಣ ಬೇಡವೆನ್ನುವ ನಾವು ಆಕೆಗೆ ಏನು ಹೇಳುತ್ತೇವೆ?

ಮೊದಲು ಅಳತೆಯನ್ನು ಅರಿಯೋಣ. ಒಂದು ಸ್ಥಳದ ವೇಗವೇ ಬೇರೆ, ಇಡೀ ದಾರಿಯ ಪ್ರಯಾಣಕಾಲವೇ ಬೇರೆ. ನೇರ ದಾರಿಯಲ್ಲಿ ಇಟ್ಟ ಯಂತ್ರಕ್ಕೆ ಮುಂದಿನ ತಿರುವಿನಲ್ಲಿ ಸಿಕ್ಕಿಕೊಂಡ ಬಸ್ಸು ಕಾಣದು. ಸರಾಸರಿಯೂ ಮೋಸಗೊಳಿಸುತ್ತದೆ: 20 ಕಿಲೋಮೀಟರಿನ ಘಟ್ಟವನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹತ್ತಿ, 40ರ ವೇಗದಲ್ಲಿ ಇಳಿದರೆ ಸರಾಸರಿ ವೇಗ 30 ಅಲ್ಲ. ಒಂದೂವರೆ ಗಂಟೆಯಲ್ಲಿ 40 ಕಿಲೋಮೀಟರ್, ಅಂದರೆ 27ಕ್ಕೂ ಕಡಿಮೆ.

ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಘಟ್ಟದ ಮೇಲೊಬ್ಬರು, ಕೆಳಗೊಬ್ಬರು ಗಡಿಯಾರಗಳನ್ನು ಸರಿಹೊಂದಿಸಿಕೊಂಡು ಕುಳಿತು, ಹಾಯುವ ವಾಹನಗಳ ಸಂಖ್ಯಾಫಲಕದ ಕೊನೆಯ ನಾಲ್ಕು ಅಂಕಿಗಳನ್ನೂ ಸಮಯವನ್ನೂ ಬರೆಯಬೇಕು. ಸಂಜೆ ಎರಡು ಪಟ್ಟಿಗಳನ್ನು ಹೊಂದಿಸಿದರೆ ಒಂದೊಂದು ವಾಹನದ ಪ್ರಯಾಣಕಾಲ ದೊರೆಯುತ್ತದೆ. ನಗರಗಳಲ್ಲಿ ಕ್ಯಾಮೆರಾಗಳು ಇದನ್ನೇ ಮಾಡುತ್ತವೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತ ಕಾರನ್ನು ದಟ್ಟಣೆಗೆ ಸಿಕ್ಕಿದ ಕಾರೆಂದು ಬರೆಯಬಾರದು, ಅಷ್ಟೆ! ಮೊಬೈಲಿನ ನಕ್ಷೆ ಕೆಂಪು ಗೆರೆ ಎಳೆಯುವುದೂ ವಾಹನಗಳೊಳಗಿನ ಫೋನುಗಳ ಚಲನೆಯಿಂದಲೇ. ಸಿಗ್ನಲ್ ಸಿಗದ ಕಾಡಿನ ತಿರುವುಗಳಲ್ಲಿ ಅದರ ಕಣ್ಣು ಮಂಕು.

ಇನ್ನು ಅಂಕಿಗಳನ್ನು ಓದುವ ಬಗೆ. ಒಂದು ಕಾಲ್ಪನಿಕ ಉದಾಹರಣೆ: 20 ದಿನಗಳಲ್ಲಿ 16 ದಿನ ಬಸ್ಸು 50 ನಿಮಿಷದಲ್ಲಿ ಘಟ್ಟ ದಾಟಿತು, 4 ದಿನ 110 ನಿಮಿಷ ಹಿಡಿಯಿತು. ಸರಾಸರಿ 62 ನಿಮಿಷ. ಆದರೆ 62 ನಿಮಿಷದ ಪ್ರಯಾಣವನ್ನು ಯಾರೂ ಮಾಡಲೇ ಇಲ್ಲ! ಆ ನಾಲ್ಕು ದಿನಗಳು ರಜಾದಿನಗಳೇ ಆಗಿದ್ದರೆ ರೋಗ ರಸ್ತೆಯ ಅಗಲದ್ದಲ್ಲ, ಒಮ್ಮೆಲೇ ನುಗ್ಗುವ ವಾಹನಗಳದ್ದು. ಅದಕ್ಕೆ ಮದ್ದು ಬೇರೆ.

ನೀಲಗಿರಿಯನ್ನು ನೋಡಿ. ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಊಟಿ ಮತ್ತು ಕೊಡೈಕೆನಾಲ್‌ಗಳಿಗೆ ಇ-ಪಾಸ್ ಬಂದಿತು. 2025ರ ಏಪ್ರಿಲ್ 1ರಿಂದ ಊಟಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಜಾರಿಯಾಯಿತು. ಸ್ಥಳೀಯರ ವಾಹನಗಳಿಗೂ ಸರಕಾರಿ ಬಸ್ಸುಗಳಿಗೂ ವಿನಾಯಿತಿ ಇತ್ತು. ನನಗೆ ಈ ದಾರಿ ಮೆಚ್ಚುಗೆಯಾಗಿದೆ. ಆದರೂ ಒಳಬಂದ ವಾಹನಗಳನ್ನು ಎಣಿಸಿದರೆ ಸಾಲದು. ಮಿತಿಗೆ ಮೊದಲು ಮತ್ತು ಅನಂತರ ಬಸ್ಸೊಂದು ಬೆಟ್ಟವೇರಲು ಹಿಡಿದ ಕಾಲವನ್ನೂ ಅಳೆಯಬೇಕು. ಇಲ್ಲದಿದ್ದರೆ ಮಿತಿ ಫಲಿಸಿತೇ ಎಂಬುದು ಬರಿಯ ವಾಗ್ವಾದವಾಗುತ್ತದೆ.

ರಸ್ತೆ ಹಿಗ್ಗಿಸಿದರೆ ಉಳಿದ ನಿಮಿಷಗಳು ಉಳಿದೇ ಇರುತ್ತವೆಯೇ? ಅಮೆರಿಕದ ನಗರಗಳನ್ನು ಕುರಿತು ಡ್ಯುರಾಂಟನ್ ಮತ್ತು ಟರ್ನರ್ 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಹೆದ್ದಾರಿ ಎಷ್ಟು ಪಾಲು ಹೆಚ್ಚಿತೋ ಸರಿಸುಮಾರು ಅಷ್ಟೇ ಪಾಲು ವಾಹನಸಂಚಾರವೂ ಹೆಚ್ಚಿತೆಂದು ಕಂಡುಕೊಂಡಿತು. ‘ವಿಳಂಬ’ ಎಂಬ ಪದವನ್ನೂ ಪರೀಕ್ಷಿಸಬೇಕು. 2019ರ ಟಾಮ್‌ಟಾಮ್ ಸೂಚ್ಯಂಕದಲ್ಲಿ ಬೆಂಗಳೂರಿಗೆ ಶೇಕಡ 71ರ ದಟ್ಟಣೆ ಎಂದರೆ, ಅಡೆತಡೆಯಿಲ್ಲದ ರಸ್ತೆಯಲ್ಲಿ ಹಿಡಿಯುವುದಕ್ಕಿಂತ ಅಷ್ಟು ಹೆಚ್ಚು ಕಾಲ. ಕಾಡಿನ ದಾರಿಗೆ ಖಾಲಿ ರಸ್ತೆಯ ವೇಗವೇ ಆದರ್ಶವೇ? ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧಿಸಿದಾಗ, ವಾಹನಗಳ ಕಾಲಕ್ಕಿಂತ ವನ್ಯಜೀವಿಗಳ ಪ್ರಾಣಕ್ಕೆ ಹೆಚ್ಚಿನ ಬೆಲೆ ಕಟ್ಟಲಾಯಿತು.

ಬರುವ ಶನಿವಾರ ನಾವೇ ಆರಂಭಿಸೋಣ. ನಾಲ್ಕು ಅಂಕಣಗಳು ಸಾಕು: ಸಂಖ್ಯೆ, ಸಮಯ, ವಾಹನದ ಬಗೆ, ಮಳೆ ಇತ್ತೇ ಇಲ್ಲವೇ. ಬಸ್ಸು ಮತ್ತು ಆಂಬುಲೆನ್ಸುಗಳಿಗೆ ಪ್ರತ್ಯೇಕ ಗುರುತು ಹಾಕಿರಿ. ತಿರುವುಗಳಲ್ಲಿ ನಿಲ್ಲಬೇಡಿ. ಮರುದಿನ ಭಾನುವಾರವೂ, ಅದರ ಮರುದಿನ ಸೋಮವಾರವೂ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಕುಳಿತುಕೊಳ್ಳಬೇಕು.