ನೀರು ಹೋಗಲಿ, ಮಣ್ಣು ಉಳಿಯಲಿ: ಮಲೆನಾಡಿನ ಹಿತ್ತಲಿನಲ್ಲಿ ಏರುಮಡಿ

(ಮಳೆಗಾಲಕ್ಕೆ ಮುನ್ನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ಇನ್ನು ಕೆಲವೇ ದಿನಗಳಲ್ಲಿ ರೋಹಿಣಿ ಮಳೆ ಹೂಡುತ್ತದೆ. ನಮ್ಮ ಮನೆಗಳಲ್ಲಿ ಕಟ್ಟಿಗೆ ಒಳಸೇರಿದೆ, ಹಂಚು ಕೈಯಾಡಿಸಿ ಆಗಿದೆ, ಹಪ್ಪಳ ಸಂಡಿಗೆ ಡಬ್ಬಿ ತುಂಬಿದೆ. ಆದರೆ ಹಿತ್ತಲಿನ ಸಿದ್ಧತೆ ಎಷ್ಟು ಮನೆಗಳಲ್ಲಿ ಆಗಿದೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅಂಗಳ ಹಸಿರಾಗಿರುತ್ತದೆ. ತರಕಾರಿಯ ಬುಟ್ಟಿ ಮಾತ್ರ ಹುಬ್ಬಳ್ಳಿ, ಬೆಳಗಾವಿಗಳ ಕಡೆಯಿಂದ ಬರುವ ಲಾರಿಯನ್ನು ಕಾಯುತ್ತಿರುತ್ತದೆ. ನೀರಿಲ್ಲದ ಬಯಲುಸೀಮೆ ನೀರು ಹೆಚ್ಚಾದ ಮಲೆನಾಡಿಗೆ ತರಕಾರಿ ಕಳುಹಿಸುತ್ತಿದೆ. ಈ ವಿಪರ್ಯಾಸದ ಒಂದು ಕಾರಣವನ್ನೂ ಅದಕ್ಕೊಂದು ಸುಲಭ ಪರಿಹಾರವನ್ನೂ ಇಂದು ತಮ್ಮ ಮುಂದಿಡಲು ಬಯಸುತ್ತೇನೆ. ಆ ಪರಿಹಾರದ ಹೆಸರು ಏರುಮಡಿ: ನೆಲಮಟ್ಟಕ್ಕಿಂತ ಎತ್ತರಿಸಿ ಕಟ್ಟಿದ ತರಕಾರಿ ಮಡಿ.

ಬೇರಿನ ಉಸಿರು

ಮೊದಲು ಒಂದು ಲೆಕ್ಕ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಶಿರಸಿಯಂಥ ಊರಿನಲ್ಲಿ ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆಯಾಗುತ್ತದೆ ಎಂದಿಟ್ಟುಕೊಳ್ಳೋಣ. ಆಗ ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಒಂದು ಪುಟ್ಟ ಮಡಿಯ ಮೇಲೆ ಬೀಳುವ ನೀರು ಒಂಬತ್ತು ಸಾವಿರ ಲೀಟರ್‌ಗೂ ಹೆಚ್ಚು. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಆಗುಂಬೆಯ ಕಡೆಯವರು ಇದರ ಎರಡು ಪಟ್ಟಿಗೂ ಮಿಗಿಲಾಗಿ ಎಣಿಸಿಕೊಳ್ಳಬೇಕು.

ಇಷ್ಟು ನೀರು ನಿಂತಲ್ಲಿ ಗಿಡ ಸಾಯುವುದು ನೀರು ಕುಡಿದು ಅಲ್ಲ, ಉಸಿರು ಕಟ್ಟಿ. ಬೇರಿಗೂ ಆಮ್ಲಜನಕ ಬೇಕು. ಅದು ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗಕ್ಕಿಂತ ಸುಮಾರು ಹತ್ತು ಸಾವಿರ ಪಾಲು ಕಡಿಮೆ. ಮಣ್ಣಿನ ಕಣಗಳ ನಡುವಿನ ರಂಧ್ರಗಳೆಲ್ಲ ನೀರಿನಿಂದ ತುಂಬಿದಾಗ ಬೇರು ಬಳಲುತ್ತದೆ. ಬಳಲಿದ ಬೇರಿಗೆ ರೋಗ ಮುತ್ತುತ್ತದೆ. ಅಡಕೆಯ ಕೊಳೆರೋಗವನ್ನು ತಿಳಿಯದವರು ಇಲ್ಲಿಲ್ಲ. ಅದನ್ನು ತರುವ ಫೈಟಾಫ್ತೊರಾ, ತರಕಾರಿ ಸಸಿಗಳ ಬುಡ ಕೊಳೆಸುವ ಪೀಥಿಯಂ, ಇವೆರಡೂ ಬಂಧುಗಳೇ. ಇವುಗಳ ಸೂಕ್ಷ್ಮ ಬೀಜಕಣಗಳು ನೀರಿನಲ್ಲಿ ಈಜಿಕೊಂಡು ಗಿಡದಿಂದ ಗಿಡಕ್ಕೆ ಸಾಗುತ್ತವೆ. ನೀರು ನಿಲ್ಲದಿದ್ದರೆ ಅವುಗಳ ಅರ್ಧ ದಾರಿ ಮುಚ್ಚಿದಂತೆಯೇ.

ಆದ್ದರಿಂದ ಏರುಮಡಿಯನ್ನು ಪಟ್ಟಣದ ತಾರಸಿಯಿಂದ ಬಂದ ಹೊಸ ಶೋಕಿಯೆಂದು ಭಾವಿಸಬೇಡಿ. ನೀರು ಹೆಚ್ಚಿರುವ ಅನೇಕ ಕಡೆ ಮನುಷ್ಯ ಮಣ್ಣನ್ನು ಎತ್ತಿ ಬೆಳೆ ತೆಗೆದಿದ್ದಾನೆ. ನಮ್ಮ ಹಿರಿಯರು ಗೆಣಸನ್ನು ಏರಿಯ ಮೇಲೆ ನೆಟ್ಟದ್ದು, ಸುಡುಮಣ್ಣಿನ ದಿಬ್ಬದ ಮೇಲೆ ಸೌತೆಬೀಜ ಊರಿದ್ದು, ತೋಟಕ್ಕೆ ಬಸಿಗಾಲುವೆ ತೆಗೆದದ್ದು ಇದೇ ತಿಳಿವಳಿಕೆಯಿಂದ.

ನನ್ನ ತಪ್ಪು

ಈಗ ನನ್ನದೊಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಡಾಕ್ಟರೇಟ್ ಮುಗಿಸಿ ಊರಿಗೆ ಮರಳಿದ ವರ್ಷ ಮನೆಯ ಹಿಂದಿನ ಇಳಿಜಾರಿನಲ್ಲಿ ಆರು ಏರುಮಡಿಗಳನ್ನು ಕಟ್ಟಿದೆ. ಅಂಚಿಗೆ ಕೆಂಪುಕಲ್ಲು, ಒಳಗೆ ಒಳ್ಳೆಯ ಗೊಬ್ಬರ. ನೀರು ಸಲೀಸಾಗಿ ಹೋಗಲೆಂದು ಮಡಿಗಳನ್ನು ಮೇಲಿನಿಂದ ಕೆಳಕ್ಕೆ, ಇಳಿಜಾರಿನ ದಿಕ್ಕಿಗೇ ಹಾಕಿದ್ದೆ. ಸುತ್ತಲಿನ ಶುಂಠಿ ಹೊಲಗಳಲ್ಲಿ ಕಂಡಿದ್ದೂ ಹಾಗೆಯೇ. ಪುನರ್ವಸು ಮಳೆಯ ಒಂದು ರಾತ್ರಿ ಮಡಿಗಳ ನಡುವಿನ ಕಾಲುದಾರಿಗಳು ಹಳ್ಳಗಳಾದವು. ಬೆಳಗ್ಗೆ ನೋಡಿದರೆ ಬೆಂಡೆಯ ಬೇರುಗಳು ಗಾಳಿಯಲ್ಲಿದ್ದವು; ಕಲ್ಲುಗಳು ಮಾತ್ರ ಸಾಲಾಗಿ ನಿಂತಿದ್ದವು; ನನ್ನ ಮಣ್ಣು ಕೆಳಗಿನ ತೋಟದ ಕಾಲುವೆಯಲ್ಲಿ ಕೆಂಪಾಗಿ ಹರಿಯುತ್ತಿತ್ತು. ಅಮ್ಮ ನೋಡಿ, "ನೀರಿಗೆ ದಾರಿ ಕೊಡಬೇಕು, ಓಡಲು ಬಿಡಬಾರದು" ಎಂದಷ್ಟೇ ಹೇಳಿದರು. ಜಲಾನಯನದ ಪಾಠದಲ್ಲಿ ಇಳಿಜಾರಿಗೆ ಅಡ್ಡ ಬೇಸಾಯವನ್ನು ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ. ಹಿತ್ತಲಿಗೆ ಅದು ಅನ್ವಯಿಸುತ್ತದೆಂದು ತೋಚಿರಲಿಲ್ಲ.

ಶುಂಠಿಯ ಮಾತು ಬಂದದ್ದರಿಂದ ಇನ್ನೊಂದು ಮಾತು. ಏರುಮಡಿ ತಾನಾಗಿಯೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಇಳಿಜಾರಿನುದ್ದಕ್ಕೆ, ಹೊದಿಕೆಯಿಲ್ಲದೆ ಕಟ್ಟಿದ ಮಡಿಗಳು ಗುಡ್ಡದ ಮೇಲ್ಮಣ್ಣನ್ನು ಹಳ್ಳಕ್ಕೆ ಸಾಗಿಸುವ ಯಂತ್ರಗಳಾಗುತ್ತವೆ. ಒಂದೆರಡು ವರ್ಷಗಳಲ್ಲಿ ಕೊಳೆ ಬಂದು ಶುಂಠಿ ಬೇರೆ ಜಾಗಕ್ಕೆ ಹೋಗುತ್ತದೆ. ಹೋದ ಮಣ್ಣು ಮರಳುವುದಿಲ್ಲ. ಅದೇ ಮಡಿಯನ್ನು ಅಡ್ಡಲಾಗಿ ಕಟ್ಟಿ ತರಗೆಲೆ ಹೊದಿಸಿದರೆ ಅದು ಮಣ್ಣನ್ನು ಹಿಡಿಯುವ ಒಡ್ಡಾಗುತ್ತದೆ. ವ್ಯತ್ಯಾಸವಿರುವುದು ದಿಕ್ಕಿನಲ್ಲಿ ಮತ್ತು ಹೊದಿಕೆಯಲ್ಲಿ.

ಕಟ್ಟುವ ಕ್ರಮ

ಸಮಮಟ್ಟ ಕಂಡುಹಿಡಿಯಲು ದುಬಾರಿ ಉಪಕರಣ ಬೇಡ. ಆರೇಳು ಅಡಿಯ ಎರಡು ಸಮನಾದ ಬಿದಿರುಕೋಲುಗಳ ತುದಿಗಳನ್ನು ಸೇರಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಅಡ್ಡಕೋಲು ಬಿಗಿಯಿರಿ. ತುದಿಯಿಂದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಎರಡು ಗೂಟಗಳ ಮೇಲೆ ಕಾಲುಗಳನ್ನಿಟ್ಟು, ಹಗ್ಗ ಅಡ್ಡಕೋಲನ್ನು ಮುಟ್ಟುವಲ್ಲಿ ಗುರುತು ಹಾಕಿ. ಕಾಲುಗಳನ್ನು ಅದಲುಬದಲು ಮಾಡಿ ಮತ್ತೆ ಗುರುತು ಹಾಕಿ. ಎರಡೂ ಗುರುತುಗಳ ನಡುಬಿಂದುವಿಗೆ ಹಗ್ಗ ಬಂದಾಗ ಎರಡು ಕಾಲುಗಳೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಇದು ಶಾಲಾ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ವಿದ್ಯೆ. ಹೀಗೆ ಗುರುತಿಸಿದ ಗೆರೆಯ ಮೇಲೆ ಮಡಿ ಬರಬೇಕು. ಮಡಿಗಳ ನಡುವಿನ ಕಾಲುದಾರಿಗೆ ಮಾತ್ರ ಹತ್ತು ಅಡಿಗೆ ಒಂದು ಅಂಗುಲದಷ್ಟು ಓಟ ಕೊಟ್ಟು, ನೀರನ್ನು ಒಂದು ಬದಿಯ ಹುಲ್ಲು ಬೆಳೆದ ಕಾಲುವೆಗೆ ಸೇರಿಸಬೇಕು.

ಮಡಿಯ ಅಗಲ ನಾಲ್ಕು ಅಡಿ ಮೀರದಿರಲಿ. ಎರಡೂ ಬದಿಯಿಂದ ಕೈ ಎರಡಡಿ ಒಳಗೆ ಎಟುಕುತ್ತದೆ. ಮಡಿಯೊಳಗೆ ಕಾಲಿಡುವ ಪ್ರಸಂಗವೇ ಬರುವುದಿಲ್ಲ. ತುಳಿಯದ ಮಣ್ಣು ಸಡಿಲವಾಗಿ ಉಳಿಯುತ್ತದೆ. ಏರುಮಡಿಯ ಅರ್ಧ ಲಾಭ ಇದರಲ್ಲೇ ಇದೆ. ಮಕ್ಕಳಿಗಾದರೆ ಮೂರಡಿ ಸಾಕು. ಎತ್ತರ ಕಾಲುದಾರಿಯಿಂದ ಒಂದು ಅಡಿ.

ಈ ಒಂದು ಅಡಿಗೆ ಮಣ್ಣು ಎಲ್ಲಿಂದ? ಇದು ಬಹು ಮುಖ್ಯವಾದ ಪ್ರಶ್ನೆ. ಒಂದೂವರೆ ಅಡಿ ಅಗಲದ ಕಾಲುದಾರಿಯನ್ನು ಅರ್ಧ ಅಡಿ ಅಗೆದು ಆ ಮಣ್ಣನ್ನು ಮಡಿಗೆ ಏರಿಸಿದರೆ ಮಡಿ ಎರಡು ಅಂಗುಲ ಏರುತ್ತದೆ, ದಾರಿ ಆರು ಅಂಗುಲ ಇಳಿಯುತ್ತದೆ. ಮೇಲೆ ಮೂರು ಅಂಗುಲ ಕಳಿತ ಗೊಬ್ಬರ ಬಿದ್ದರೆ ಹೆಚ್ಚುಕಡಿಮೆ ಒಂದು ಅಡಿ ಆಯಿತು. ಹೊರಗಿನಿಂದ ಒಂದು ಬುಟ್ಟಿ ಮಣ್ಣೂ ಬೇಡ.

ಮನೆಯ ಹಿಂದಿನ ಧರೆಯ ಬುಡದಿಂದಂತೂ ಮಣ್ಣು ತೆಗೆಯಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ, 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡಗಳು ಜಾರಿದ್ದನ್ನು ನಾವೆಲ್ಲ ಕಂಡಿದ್ದೇವೆ. ಪ್ರತಿಯೊಂದು ಕುಸಿತಕ್ಕೂ ಅದರದೇ ಕಾರಣಗಳಿರುತ್ತವೆ. ಆದರೆ ಬುಡ ಕಡಿದ ಇಳಿಜಾರು, ನೆನೆದು ಭಾರವಾದಾಗ ಆಸರೆಯಿಲ್ಲದೆ ನಿಲ್ಲುತ್ತದೆ ಎಂಬುದು ಎಲ್ಲೆಡೆಯೂ ಸತ್ಯ. ನಾಲ್ಕು ಬುಟ್ಟಿ ಮಣ್ಣಿಗಾಗಿ ಮನೆಯವರ ಪ್ರಾಣವನ್ನು ಒತ್ತೆಯಿಡುವುದು ತರವಲ್ಲ. ಅದೇ ರೀತಿ ಧರೆಯ ನೆತ್ತಿಯ ಮೇಲೆ ಇಂಗುಗುಂಡಿ ತೋಡಬೇಡಿ, ಮಡಿಗಳ ನೀರನ್ನು ಧರೆಯ ಮೇಲಿನಿಂದ ಬಿಡಬೇಡಿ. ನೀರಿಂಗಿಸುವುದು ಪುಣ್ಯದ ಕೆಲಸ. ಎಲ್ಲಿ ಇಂಗಿಸುತ್ತೇವೆ ಎಂಬ ವಿವೇಕವೂ ಜೊತೆಗಿರಬೇಕು.

ಅಂಚಿಗೆ ಅಡಕೆ ದಬ್ಬೆ ಉತ್ತಮ. ಕೆಲ ವರ್ಷಗಳಲ್ಲಿ ಅದು ಕೊಳೆತು ಮಣ್ಣಾಗುತ್ತದೆ, ಆಗ ಬದಲಿಸಿದರಾಯಿತು. ಒಡೆದ ಹಂಚನ್ನು ನಿಲ್ಲಿಸಿ ಹೂಳಬಹುದು, ಕೆಂಪುಕಲ್ಲು ಇದ್ದರೆ ಇಡಬಹುದು. ಹಳೆಯ ಸಿಮೆಂಟ್ ಶೀಟಿನ ತುಂಡುಗಳು ಮಾತ್ರ ಬೇಡ. ಅವುಗಳಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಇಳಿಜಾರಿನ ಕೆಳ ಅಂಚಿಗೆ ಲಾವಂಚ ಅಥವಾ ಮಜ್ಜಿಗೆಹುಲ್ಲಿನ ಸಾಲು ನೆಟ್ಟರೆ ಅದರ ಬೇರು ದಬ್ಬೆಗಿಂತ ಗಟ್ಟಿಯಾಗಿ ಮಣ್ಣನ್ನು ಹಿಡಿಯುತ್ತದೆ. ಬೋರ್ಡೋ ದ್ರಾವಣ ಸಿಂಪಡಿಸುವ ಅಡಕೆ ಮರಗಳ ಕೆಳಗೆ ತರಕಾರಿ ಮಡಿ ಮಾಡದಿರುವುದು ಒಳಿತು. ಮೈಲುತುತ್ತದ ನೀರು ಸೊಪ್ಪಿನ ಮೇಲೆ ತೊಟ್ಟಿಕ್ಕುತ್ತದೆ.

ನಮ್ಮ ಮಣ್ಣು ಸ್ವಭಾವತಃ ಹುಳಿ. ಶತಮಾನಗಳ ಮಳೆ ಅದರ ಸುಣ್ಣದಂಶವನ್ನು ತೊಳೆದೊಯ್ದಿದೆ. ಒಂದು ಮಡಿಗೆ ಎರಡು-ಮೂರು ಬೊಗಸೆ ಒಲೆಬೂದಿಯನ್ನು ಬಿತ್ತನೆಗೆ ಎರಡು ವಾರ ಮೊದಲು ಬೆರೆಸಿ. ಸುಣ್ಣ ಹಾಕುವುದಾದರೆ ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಿ. ಸುಣ್ಣವನ್ನೂ ಹಸಿ ಸಗಣಿಯನ್ನೂ ಒಟ್ಟಿಗೆ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ.

ಹೊದಿಕೆ ಯಾರ ಪಾಲು?

ಮಳೆಹನಿ ಬರಿಯ ಮಣ್ಣಿಗೆ ಬಡಿದಾಗ ಮಣ್ಣು ಸಿಡಿಯುತ್ತದೆ. ಎಲೆಯ ಅಡಿಭಾಗಕ್ಕೆ ಸಿಡಿದ ಆ ಕೆಸರಿನೊಡನೆ ರೋಗವೂ ಹತ್ತುತ್ತದೆ. ಆದ್ದರಿಂದ ಬಿತ್ತಿದ ಮರುದಿನದಿಂದಲೇ ತೆಳುವಾದ ಹೊದಿಕೆ ಬೇಕು. ಸಸಿ ಎದ್ದಂತೆ ಅದನ್ನು ದಪ್ಪ ಮಾಡಬೇಕು. ಕಾಲುದಾರಿಗೂ ಹೊದಿಕೆ ಬೇಕು.

ಇಲ್ಲಿ ನಾವು ಕಾಡಿನ ಕಡೆಗೆ ನೋಡುತ್ತೇವೆ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಬಂದಿದೆ. ಒಂದು ಎಕರೆಯನ್ನು ಸಾಕಲು ಎಷ್ಟು ಕಾಡು ಬೇಕೆಂಬ ಅರಿವು ಆ ಲೆಕ್ಕದಲ್ಲಿದೆ. ಆದರೆ ಇಂದು ಅನೇಕ ಬೆಟ್ಟಗಳು ಬೋಳಾಗಿವೆ, ಕಾನಿನ ನೆಲವನ್ನೂ ಗುಡಿಸಲಾಗುತ್ತಿದೆ. ದರಕು ಗುಡಿಸುವಾಗ ಎಲೆಯೊಂದೇ ಬರುವುದಿಲ್ಲ. ಬೀಜ, ಮೊಳಕೆ, ಮಣ್ಣಿನ ಜೀವಿಗಳು ಸಹ ಬುಟ್ಟಿಗೆ ಬರುತ್ತವೆ. ನಾಳೆಯ ಮರ ಇಂದಿನ ಗೊಬ್ಬರವಾಗುತ್ತದೆ. ಹಿತ್ತಲಿನ ಏರುಮಡಿಯೂ ಕಾಡಿನ ಮೇಲೆ ಹೊಸ ಹೊರೆಯಾದರೆ ನನ್ನ ಈ ಉಪನ್ಯಾಸದಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಮೂರು ನಾಲ್ಕು ಮಡಿಗಳಿಗೆ ಬೇಕಾದಷ್ಟು ಹೊದಿಕೆ ಮನೆಯ ಸುತ್ತಲೇ ಇದೆ. ಅಂಗಳದ ಹಲಸು, ಮಾವುಗಳ ಎಲೆ, ಬೇಲಿಯ ಗೊಬ್ಬರಗಿಡದ ಸೊಪ್ಪು, ಬಾಳೆಯ ಒಣರೆಂಬೆ, ಸೋಗೆಯ ಚೂರು, ಕೊಟ್ಟಿಗೆಯಲ್ಲಿ ದನ ತಿಂದು ಬಿಟ್ಟ ಹುಲ್ಲು. ಇವನ್ನು ಸುಡದೆ ಕೂಡಿಟ್ಟರೆ ಸಾಕು. ಬೇಲಿಗೊಂದು ಸಾಲು ಗೊಬ್ಬರಗಿಡ ನೆಟ್ಟರೆ ಮುಂದಿನ ವರ್ಷಗಳ ಚಿಂತೆಯೂ ತೀರುತ್ತದೆ.

ಬಿತ್ತನೆಯ ಕಾಲ

ಬೆಂಡೆ, ಅಲಸಂದೆ, ಹೀರೆ, ಹಾಗಲ, ಮುಳ್ಳುಸೌತೆಗಳನ್ನು ರೋಹಿಣಿಯಲ್ಲೇ ಊರಿ. ಆರಿದ್ರ ಮಳೆ ಬಿರುಸಾಗುವ ಮೊದಲು ಗಿಡಕ್ಕೆ ನಾಲ್ಕೈದು ಎಲೆಗಳಿರಬೇಕು. ಮಳೆಗಾಲದಲ್ಲಿ ಬಿಸಿಲೇ ದುರ್ಲಭ. ಆದ್ದರಿಂದ ಬಳ್ಳಿಯ ಚಪ್ಪರ ಉಳಿದ ಗಿಡಗಳಿಗೆ ನೆರಳಾಗದಂತೆ ಒಂದು ಅಂಚಿಗಿರಲಿ. ಮೊಗೆಬಳ್ಳಿಯನ್ನು ಮಡಿಯ ತುದಿಯಲ್ಲಿ ನೆಟ್ಟು ಹೊರಕ್ಕೆ ಹಬ್ಬಿಸಿ. ಮೆಣಸು, ಬದನೆಯ ಸಸಿಗಳನ್ನು ಮರೆಯಲ್ಲಿ ಬೆಳೆಸಿ, ಮಘೆ ಮಳೆಯ ಅಬ್ಬರ ಇಳಿದ ಮೇಲೆ ನಾಟಿ ಮಾಡಿ. ದೀಪಾವಳಿಯ ನಂತರ ಮೂಲಂಗಿ, ಕೊತ್ತಂಬರಿ, ಬೀನ್ಸ್‌ಗೆ ಅದೇ ಮಡಿ ಒದಗುತ್ತದೆ. ಬದನೆ, ಟೊಮೆಟೊ, ಮೆಣಸು ಒಂದೇ ಕುಟುಂಬದವು. ಒಂದರ ಹಿಂದೆ ಒಂದನ್ನು ಒಂದೇ ಮಡಿಯಲ್ಲಿ ಹಾಕಬೇಡಿ.

ತೊಂದರೆಗಳನ್ನು ಮುಚ್ಚಿಡಲಾರೆ. ಹೊದಿಕೆಯ ಕೆಳಗೆ ಬಸವನಹುಳು ಸೇರುತ್ತದೆ. ಬೂದಿಯ ಗೆರೆ ಮಳೆಯಲ್ಲಿ ನಿಲ್ಲದು. ರಾತ್ರಿ ಬ್ಯಾಟರಿ ಹಿಡಿದು ಆರಿಸುವುದೇ ದಾರಿ. ಮಂಗನಿಗೆ ನನ್ನಲ್ಲಿ ಉತ್ತರವಿಲ್ಲ. ಫೆಬ್ರವರಿಯ ನಂತರ ಏರುಮಡಿ ಬೇಗ ಒಣಗುತ್ತದೆ. ಆಗ ಹೊದಿಕೆಯನ್ನು ಇಮ್ಮಡಿಸಿ, ಅಥವಾ ತಗ್ಗಾದ ಕಾಲುದಾರಿಯಲ್ಲೇ ಗೊಬ್ಬರ ಹಾಕಿ ಹರಿವೆ ಬಿತ್ತಿ. ಬಯಲುಸೀಮೆಯ ನೆಂಟರು ಕೇಳಿದರೆ ಈ ಕ್ರಮವನ್ನು ಹಾಗೆಯೇ ಹೇಳಬೇಡಿ. ನೀರು ಕಡಿಮೆಯಿರುವಲ್ಲಿ ತಗ್ಗು ಪಾತಿಯೇ ಸರಿ.

ಕೊನೆಯದಾಗಿ, ಪ್ರತಿ ಬಳ್ಳಿಯಲ್ಲೂ ಮೊದಲ ಒಳ್ಳೆಯ ಕಾಯೊಂದನ್ನು ಬೀಜಕ್ಕೆ ಬಿಡಿ. ಮಳೆಯನ್ನು ತಾಳಿಕೊಂಡು ಬಂದ ಬಳ್ಳಿಯ ಬೀಜಕ್ಕಿಂತ ನಮಗೊಪ್ಪುವ ಬೀಜ ಅಂಗಡಿಯಲ್ಲಿ ಸಿಗಲಾರದು. ಮಲೆನಾಡಿನ ಹಿತ್ತಲುಗಳಲ್ಲಿ ಇಂಥ ಬೀಜಗಳನ್ನು ಉಳಿಸಿಕೊಂಡು ಬಂದವರು ಹೆಚ್ಚಾಗಿ ಹೆಣ್ಣುಮಕ್ಕಳೇ. ವಿದ್ಯಾರ್ಥಿಗಳು ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳುವುದು ಯಾವ ಪಠ್ಯಕ್ಕೂ ಕಡಿಮೆಯಲ್ಲದ ಅಧ್ಯಯನ.

ಈ ವರ್ಷ ಪ್ರತಿ ಮನೆಯೂ ಒಂದೇ ಒಂದು ಮಡಿಯನ್ನು, ಇಳಿಜಾರಿಗೆ ಅಡ್ಡಲಾಗಿ, ಕಟ್ಟಲಿ. ಪುನರ್ವಸುವಿನ ದೊಡ್ಡ ಮಳೆ ಬಿದ್ದ ಮರುದಿನ ಕಾಲುದಾರಿಯ ಕೊನೆಯಲ್ಲಿ ನಿಂತು ಹೊರಹೋಗುವ ನೀರಿನ ಬಣ್ಣ ನೋಡಿ. ನೀರು ತಿಳಿಯಾಗಿದ್ದರೆ ಮಡಿ ಸರಿಯಾಗಿದೆ. ಕೆಂಪಾಗಿದ್ದರೆ ಗುದ್ದಲಿ ತೆಗೆದುಕೊಂಡು ಅದೇ ದಿನ ತಿದ್ದಿ. ನಾನೂ ಇಂದಿಗೂ ಪ್ರತಿವರ್ಷ ಅಲ್ಲಿ ಹೋಗಿ ನಿಲ್ಲುತ್ತೇನೆ.