ನಸೀಬು ಎನ್ನುವ ಮುನ್ನ



ಸಾಫ್ಟ್‌ವೇರ್ ಉದ್ಯೋಗದ ಸಂದರ್ಶನ ಕುರಿತ ಸಂಕಿರಣವನ್ನು ನೀವು ಮೇಡ್ಲೇರಿಯಲ್ಲಿ ಇಟ್ಟುಕೊಂಡಿದ್ದೀರಿ. ನನಗೆ ಇದು ಬಹಳ ಸರಿಯಾದ ಜಾಗ ಅನ್ನಿಸುತ್ತದೆ. ಕ್ಯಾಂಪಸ್ ಆಯ್ಕೆಯ ಫಲಿತಾಂಶ ಬಂದ ಸಂಜೆ ನಮ್ಮ ಊರುಗಳ ಕಟ್ಟೆಯ ಮೇಲೆ ಎರಡೇ ಮಾತು ಕೇಳುತ್ತವೆ. ಕೆಲಸ ಸಿಕ್ಕವನ ಬಗ್ಗೆ ‘ಹುಡುಗ ಕಷ್ಟಪಟ್ಟಿದ್ದ’ ಎನ್ನುತ್ತಾರೆ. ಸಿಗದವನ ಬಗ್ಗೆ ‘ನಸೀಬು ಇರಲಿಲ್ಲ’ ಎನ್ನುತ್ತಾರೆ. ಎರಡೂ ಪ್ರೀತಿಯಿಂದ ಆಡಿದ ಮಾತುಗಳೇ. ಆದರೆ ಇವುಗಳಿಂದ ಮುಂದಿನ ವರ್ಷ ಪರೀಕ್ಷೆಗೆ ಕೂರುವ ಹುಡುಗಿಗೆ ಏನೂ ತಿಳಿಯುವುದಿಲ್ಲ. ತಯಾರಿ ಎಲ್ಲಿಗೆ ಮುಗಿಯುತ್ತದೆ, ನಸೀಬು ಎಲ್ಲಿಂದ ಶುರುವಾಗುತ್ತದೆ ಎಂಬ ಗಡಿಯನ್ನು ಇವತ್ತು ನಾವು ಅಳೆಯಬೇಕಾಗಿದೆ.

ಈ ಗಡಿಯನ್ನು ನಮ್ಮ ಕಡೆಯ ರೈತ ಬಲ್ಲ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದವನು ಲಾಟು ಸುರಿದು ಟೆಂಡರಿಗೆ ಕಾಯುತ್ತಾನೆ. ಕಾಯಿಯ ಬಣ್ಣ, ಸುಕ್ಕು, ಒಣಗಿಸಿದ ಹದ ಅವನ ಕೈಯಲ್ಲಿದ್ದವು. ಆ ಗುಣಕ್ಕಾಗಿಯೇ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ದಿನದ ಆವಕ ಮಾತ್ರ ಅವನ ಕೈಯಲ್ಲಿಲ್ಲ. ಚೀಲಗಳು ಲಕ್ಷಗಟ್ಟಲೆ ಬಂದು ಬಿದ್ದ ದಿನ ಅದೇ ಕಾಯಿಗೆ ಬೇರೆ ದರ. 2024ರ ಮಾರ್ಚಿನಲ್ಲಿ ದರ ಕುಸಿದಾಗ ಆ ಮಾರುಕಟ್ಟೆಯ ಅಂಗಳದಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನೀವು ಮರೆತಿರಲಾರಿರಿ.

ಅದೇ ಮಾರ್ಚಿಗೆ ಮುಗಿದ ಆರ್ಥಿಕ ವರ್ಷದ ಇನ್ನೊಂದು ಲೆಕ್ಕ ಹೇಳುತ್ತೇನೆ. ಆ ಒಂದು ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೋ ಮೂರರ ಒಟ್ಟು ಸಿಬ್ಬಂದಿ ಸುಮಾರು 64 ಸಾವಿರದಷ್ಟು ಕಡಿಮೆಯಾಯಿತು. ಎರಡು ವರ್ಷ ಮೊದಲು ಇದೇ ಕಂಪನಿಗಳು ಹೊಸಬರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಕರೆದುಕೊಂಡಿದ್ದವು. 2022ರಲ್ಲಿ ಪಾಸಾದ ಅಕ್ಕನಿಗೂ 2024ರಲ್ಲಿ ಪಾಸಾದ ತಂಗಿಗೂ ಓದಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಿರಬಹುದು. ವ್ಯತ್ಯಾಸ ಇದ್ದದ್ದು ಆವಕ ಮತ್ತು ಬೇಡಿಕೆಯಲ್ಲಿ. ಇದು ನಿಜವಾದ ನಸೀಬು. ಈ ಪಾಲಿಗೆ ಆ ತಂಗಿ ತನ್ನನ್ನು ತಾನು ಹಳಿದುಕೊಳ್ಳಬೇಕಾಗಿಲ್ಲ. ಅವಳ ಮನೆಯವರೂ ಹಳಿಯಬಾರದು.

ಆದರೆ ನಾವು ನಸೀಬು ಎಂದು ಕರೆಯುವುದೆಲ್ಲ ಈ ಜಾತಿಯದಲ್ಲ. ಅಣಕು ಸಂದರ್ಶನವೊಂದರಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ನನ್ನ ಎದುರು ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದ ಹುಡುಗಿ ಕುಳಿತಿದ್ದಳು. ‘ಒಂದು ಲಿಂಕ್ಡ್ ಲಿಸ್ಟ್ ಇದೆ. ಅದು ಎಲ್ಲೋ ಒಂದು ಕಡೆ ತನ್ನೊಳಗೇ ಸುತ್ತಿಕೊಂಡಿದೆಯೋ, ಕೊನೆಯವರೆಗೆ ನೇರವಾಗಿದೆಯೋ? ಹೆಚ್ಚಿನ ಜಾಗ ಬಳಸದೆ ಹೇಗೆ ಕಂಡುಹಿಡಿಯುತ್ತೀ?’ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಬಿಳಿ ಹಲಗೆಯ ಮೇಲೆ ಎರಡು ಚೌಕ ಬರೆದು ನಿಂತುಬಿಟ್ಟಳು. ಒಂದು ನಿಮಿಷ ಮಾತಿಲ್ಲ. ಕೈಯಲ್ಲಿದ್ದ ಮಾರ್ಕರಿನ ಮುಚ್ಚಳವನ್ನು ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ‘ಕನ್ನಡದಾಗ ಹೇಳವ್ವಾ’ ಎಂದೆ. ತಲೆ ಎತ್ತಿ ನೋಡಿದಳು. ‘ಸರ್, ಎರಡು ಎತ್ತು ಬಿಡೋದು. ಒಂದು ಒಂದೊಂದ ಹೆಜ್ಜಿ, ಇನ್ನೊಂದು ಎರಡೆರಡು. ದಾರಿ ನೆಟ್ಟಗಿದ್ರ ಜೋರಿಂದು ಮುಂದ ಹೋಗಿ ಕಡೀ ಮುಟ್ಟತೈತಿ. ಕಣದ ಹಂಗ ದುಂಡಗಿದ್ರ ಅದು ಸುತ್ತಿ ಬಂದು ಹಿಂದಿನಿಂದ ಸಾವಕಾಶದ್ದನ್ನ ಹಿಡೀತೈತಿ.’

ಪಠ್ಯಪುಸ್ತಕದಲ್ಲಿ ಆಮೆ ಮತ್ತು ಮೊಲದ ಹೆಸರಿನಲ್ಲಿ ಬರುವ ವಿಧಾನ ಇದೇ. ಅವಳಿಗೆ ಅದು ಪೂರ್ತಿ ಗೊತ್ತಿತ್ತು. ಸಂದರ್ಶನದಲ್ಲಿ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಾ ಹೋಗಬೇಕು, ಮೌನವನ್ನು ಅಲ್ಲಿ ಅಜ್ಞಾನ ಎಂದೇ ಬರೆದುಕೊಳ್ಳುತ್ತಾರೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಮೊದಲು ಪ್ರಶ್ನೆಯನ್ನು ತಿರುಗಿ ಕೇಳಿ ಖಚಿತಪಡಿಸಿಕೊಳ್ಳುವುದು, ತೀರಾ ಸರಳವಾದ ಉತ್ತರವನ್ನು ಮೊದಲು ಮುಂದಿಡುವುದು, ಅದಕ್ಕೆ ತಗಲುವ ಸಮಯ ಮತ್ತು ಜಾಗದ ಲೆಕ್ಕ ಹೇಳುವುದು, ಆಮೇಲೆ ಉತ್ತಮಪಡಿಸುವುದು, ಖಾಲಿ ಪಟ್ಟಿ ಕೊಟ್ಟರೆ ಏನಾಗುತ್ತದೆಂದು ತಾನೇ ಪರೀಕ್ಷಿಸುವುದು: ಈ ಕ್ರಮವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಬೆಂಗಳೂರಿನ ಹುಡುಗನಿಗೆ ಇದನ್ನು ಅವನ ಅಕ್ಕ ಊಟದ ಹೊತ್ತಿನಲ್ಲಿ ಹೇಳಿರುತ್ತಾಳೆ. ಅವನಿಗೆ ಕೆಲಸ ಸಿಕ್ಕಾಗ ತಯಾರಿ ಎನ್ನುತ್ತೇವೆ. ಇವಳಿಗೆ ತಪ್ಪಿದಾಗ ನಸೀಬು ಎನ್ನುತ್ತೇವೆ. ಇವತ್ತು ನಾನು ಹೇಳಬೇಕೆಂದು ಬಂದ ಮಾತು ಇಷ್ಟೇ: ನಮ್ಮ ಮಕ್ಕಳ ನಸೀಬಿನಲ್ಲಿ ದೊಡ್ಡ ಪಾಲು, ಯಾರೋ ಬಲ್ಲವರು ಹಂಚದೆ ಉಳಿಸಿಕೊಂಡ ತಿಳಿವಳಿಕೆ.

ಇದೇ ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರ ಸಂದರ್ಶನ ನಿಮಗೆಲ್ಲ ಗೊತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಚನಾ ಫಲಕದ ಮೇಲೆ ಟಾಟಾ ಸಮೂಹದ ಟೆಲ್ಕೊ ಕಂಪನಿಯ ನೇಮಕಾತಿ ಜಾಹೀರಾತು ಇತ್ತು. ಹೆಣ್ಣುಮಕ್ಕಳು ಅರ್ಜಿ ಹಾಕಬೇಕಾಗಿಲ್ಲ ಎಂದು ಅದರಲ್ಲಿತ್ತು. ಅವರು ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದರು. ಪುಣೆಗೆ ಬರುವಂತೆ ತಂತಿ ಬಂತು. ಆ ಫಲಕ ಕಣ್ಣಿಗೆ ಬಿದ್ದದ್ದು ಅದೃಷ್ಟ. ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಓದು, ಆಮೇಲಿನ ಸ್ನಾತಕೋತ್ತರ ಪದವಿ, ಪುಣೆಯಲ್ಲಿ ಕೇಳಿದ ತಾಂತ್ರಿಕ ಪ್ರಶ್ನೆಗಳಿಗೆ ಕೊಟ್ಟ ಉತ್ತರ, ಇವು ತಯಾರಿ. ಇವೆರಡರಲ್ಲಿ ಯಾವುದಕ್ಕೂ ಸೇರದ ಮೂರನೆಯದೊಂದಿದೆ. ಆ ಜಾಹೀರಾತಿನ ಕೊನೆಯ ಸಾಲು ಹಣೆಬರಹವಲ್ಲ, ಯಾರೋ ಕುಳಿತು ಬರೆದ ನಿಯಮ. ಬರೆದ ನಿಯಮವನ್ನು ಪ್ರಶ್ನಿಸಬಹುದು ಎಂದು ಅವರು ತಿಳಿದರು. ಮಗಳನ್ನು ಎಂಜಿನಿಯರಿಂಗ್ ಓದಿಸುವ ವೈದ್ಯ ತಂದೆಯ ಮನೆ ಅವರಿಗಿತ್ತು. ಎಲ್ಲ ಹುಡುಗಿಯರಿಗೂ ಆ ಮನೆ ಇರುವುದಿಲ್ಲ. ಇಲ್ಲದವರಿಗೆ ಕಾಲೇಜು ಆ ಮನೆಯಾಗಬೇಕು.

ವಿದ್ಯಾರ್ಥಿಗಳೆ, ನಿಮಗೊಂದು ಸಣ್ಣ ಗಣಿತ. ಒಂದು ಸಂದರ್ಶನದಲ್ಲಿ ಆಯ್ಕೆಯಾಗುವ ಸಾಧ್ಯತೆ ನೂರಕ್ಕೆ ಐದು ಎಂದುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಸಂದರ್ಶನ ಕೊಟ್ಟರೆ ಕನಿಷ್ಠ ಒಂದರಲ್ಲಿ ಗೆಲ್ಲುವ ಸಾಧ್ಯತೆ ನೂರಕ್ಕೆ 40. ತಯಾರಿಯಿಂದ ಆ ಐದನ್ನು ಇಪ್ಪತ್ತಕ್ಕೆ ಏರಿಸಿ. ಅದೇ ಹತ್ತು ಸಂದರ್ಶನಗಳಿಗೆ ಸಾಧ್ಯತೆ 89ಕ್ಕೆ ಏರುತ್ತದೆ. ಇಪ್ಪತ್ತಕ್ಕೆ ಏರಿದ ಮೇಲೂ ಸರಾಸರಿ ಹತ್ತರಲ್ಲಿ ಎಂಟು ಸಲ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ ಎನ್ನುವುದನ್ನು ನೆನಪಿಡಿ. ಮೂರನೆಯ ‘ಇಲ್ಲ’ಕ್ಕೆ ಪುಸ್ತಕ ಮುಚ್ಚಿದವನನ್ನು ಸೋಲಿಸಿದ್ದು ನಸೀಬಲ್ಲ, ಅವನ ಎಣಿಕೆ. ಐದನ್ನು ಇಪ್ಪತ್ತು ಮಾಡುವ ದಾರಿ ಐನೂರು ಪ್ರಶ್ನೆಗಳ ಬಾಯಿಪಾಠವೂ ಅಲ್ಲ. ಹ್ಯಾಶಿಂಗ್, ಎರಡು ಪಾಯಿಂಟರ್, ಬೈನರಿ ಸರ್ಚ್, ಸ್ಟ್ಯಾಕ್, ಟ್ರೀ ಮತ್ತು ಗ್ರಾಫ್ ಸಂಚಾರ, ಡೈನಾಮಿಕ್ ಪ್ರೋಗ್ರಾಮಿಂಗ್: ಹತ್ತು ಹನ್ನೆರಡು ಮಾದರಿಗಳ ಬೇರು ಹಿಡಿದರೆ ಹೊಸ ಪ್ರಶ್ನೆಯೂ ಪರಿಚಯದ ಮುಖವಾಗಿ ಕಾಣುತ್ತದೆ.

ನೇಮಕ ಮಾಡುವ ಗೆಳೆಯರೆ, ನಸೀಬಿನ ಒಂದು ಪಾಲನ್ನು ನೀವೂ ತಯಾರಿಸುತ್ತೀರಿ. 2009ರಲ್ಲಿ ಫೇಸ್‌ಬುಕ್ ಬ್ರಯನ್ ಆಕ್ಟನ್ ಅವರಿಗೆ ಕೆಲಸ ಕೊಡಲಿಲ್ಲ. ಅವರು ಸಹಸ್ಥಾಪಕರಾಗಿ ಕಟ್ಟಿದ ವಾಟ್ಸ್‌ಆ್ಯಪನ್ನು 2014ರಲ್ಲಿ 19 ಶತಕೋಟಿ ಡಾಲರಿಗೆ ಕೊಳ್ಳಲು ಅದೇ ಕಂಪನಿ ಒಪ್ಪಿತು. ತಪ್ಪುವುದು ಮನುಷ್ಯಸಹಜ, ಆದರೆ ತಪ್ಪನ್ನು ತಗ್ಗಿಸುವ ದಾರಿ ಇದೆ. ಎಲ್ಲರಿಗೂ ಒಂದೇ ಪ್ರಶ್ನಾವಳಿ, ಮೊದಲೇ ಗೊತ್ತುಪಡಿಸಿದ ಅಂಕಪಟ್ಟಿ ಇರುವ ಸಂದರ್ಶನ, ಬಾಯಿಗೆ ಬಂದದ್ದನ್ನು ಕೇಳುವ ಸಂದರ್ಶನಕ್ಕಿಂತ ಮುಂದಿನ ಕೆಲಸದ ಗುಣವನ್ನು ಚೆನ್ನಾಗಿ ಊಹಿಸುತ್ತದೆ ಎಂದು ಸಂಶೋಧಕರಾದ ಸ್ಮಿಟ್ ಮತ್ತು ಹಂಟರ್ 1998ರಲ್ಲಿ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ತೋರಿಸಿದರು. ಬೆಳಿಗ್ಗೆ ಮೊದಲು ಬಂದವನಿಗೂ ಸಂಜೆ ನೀವು ದಣಿದಾಗ ಬಂದವಳಿಗೂ ಅಳತೆಗೋಲು ಒಂದೇ ಇರಲಿ.

ಈ ಸಂಕಿರಣದ ಮುಂದೆ ಮೂರು ಕೋರಿಕೆ ಇಡುತ್ತೇನೆ. ಅಣಕು ಸಂದರ್ಶನ ಕೊನೆಯ ಸೆಮಿಸ್ಟರಿನ ಹಬ್ಬವಾಗದೆ ಎರಡನೆಯ ವರ್ಷದಿಂದ ತಿಂಗಳ ಪಾಠವಾಗಲಿ. ಮಕ್ಕಳು ಮೊದಲು ಕನ್ನಡದಲ್ಲಿ ಯೋಚಿಸಿ ಹೇಳಲಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳುವುದನ್ನು ಕಲಿಯಲಿ. ಮೂರನೆಯ ಕೋರಿಕೆಯನ್ನು ಅಣಕು ಸಂದರ್ಶನದ ಆ ಹುಡುಗಿಯಿಂದಲೇ ಕಲಿತೆ. ಮೊದಲ ಕಂಪನಿಯಲ್ಲಿ ಅವಳಿಗೆ ಕೆಲಸ ಸಿಗಲಿಲ್ಲ. ಮರುದಿನ ಕಾಲೇಜಿಗೆ ಬಂದು, ತನಗೆ ಕೇಳಿದ ಪ್ರಶ್ನೆಗಳನ್ನೂ ತಾನು ಎಡವಿದ ಜಾಗಗಳನ್ನೂ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದು ಪ್ರಯೋಗಾಲಯದ ಮೇಜಿನ ಮೇಲೆ ಇಟ್ಟಳು. ‘ನನಗ ಗೊತ್ತಿರ್ಲಿಲ್ಲ ಸರ್, ಹಿಂದ ಬರೋರಿಗೆ ಗೊತ್ತಾಗ್ಲಿ’ ಎಂದಳು. ಪ್ರತಿ ಕಾಲೇಜಿನಲ್ಲೂ ಅಂಥದೊಂದು ನೋಟ್‌ಬುಕ್ ಇರಲಿ. ಗೆದ್ದವರೂ ಸೋತವರೂ ಅದರಲ್ಲಿ ಬರೆಯಲಿ. ಅವಳ ಪಾಲಿಗೆ ನಸೀಬಾಗಿದ್ದದ್ದು ಅವಳ ಹಿಂದೆ ಬರುವವರಿಗೆ ಆ ಪುಟದಿಂದಲೇ ತಯಾರಿಯಾಗುತ್ತದೆ.