14ನೆಯ ಮಣಿ

ಹೊರಟ ಬಸ್ಸು ಹಿಡಿಯಲು ಓಡುತ್ತೇವಲ್ಲ, ಆ ಓಟಕ್ಕೆ ಬೇಕಾದ ಸಕ್ಕರೆ ಕಾಲಿನ ಸ್ನಾಯುವಿನಲ್ಲೇ ಗ್ಲೈಕೋಜೆನ್ ರೂಪದಲ್ಲಿ ದಾಸ್ತಾನಿರುತ್ತದೆ. ಅದನ್ನು ಬಿಡಿಸಿಕೊಡುವ ಕಿಣ್ವದ ಹೆಸರು ಫಾಸ್ಫಾರಿಲೇಸ್. ಈ ಪ್ರೋಟೀನು ಸ್ನಾಯುವಿನಲ್ಲಿ ಸದಾ ಇರುತ್ತದೆ. ಆದರೆ ನಾವು ಸುಮ್ಮನೆ ಕೂತಾಗ ಅದೂ ಬಹುಮಟ್ಟಿಗೆ ನಿದ್ದೆಯಲ್ಲಿರುತ್ತದೆ. ಹಾಗಾದರೆ ಅದನ್ನು ಎಬ್ಬಿಸುವುದು ಏನು?

1950ರ ದಶಕದ ನಡುವೆ ಅಮೆರಿಕದ ಸಿಯಾಟಲ್ ನಗರದಲ್ಲಿ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಇದರ ಬೆನ್ನುಹತ್ತಿದರು. ಮೊಲದ ಸ್ನಾಯುವಿನ ರಸವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ತಿಳಿಗೊಳಿಸಿದರೆ ನಿದ್ದೆಯಲ್ಲಿರುವ ಕಿಣ್ವವೇ ಸಿಗುತ್ತಿತ್ತು. ಹಳೆಯ ಕ್ರಮದಂತೆ ಸೋಸುಕಾಗದದಲ್ಲಿ ಸೋಸಿದರೆ ಮಾತ್ರ ಎಚ್ಚೆತ್ತ ಕಿಣ್ವ! ಕಾರಣ, ಕಾಗದದಲ್ಲಿದ್ದ ಚೂರು ಕ್ಯಾಲ್ಸಿಯಂ. ಅದು ರಸಕ್ಕಿಳಿದು ಅಲ್ಲಿದ್ದ ಇನ್ನೊಂದು ಕಿಣ್ವವನ್ನು ಚುರುಕುಗೊಳಿಸುತ್ತಿತ್ತು. ಆ ಕಿಣ್ವ ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟನ್ನು ಕಿತ್ತು ಫಾಸ್ಫಾರಿಲೇಸಿಗೆ ಅಂಟಿಸುತ್ತಿತ್ತು. ಇಂಥ ಕಿಣ್ವಗಳಿಗೆ ಕೈನೇಸ್ ಎಂದು ಹೆಸರು. ಸೋಸುಕಾಗದ ತಂದ ವ್ಯತ್ಯಾಸವನ್ನು ಕೈತಪ್ಪೆಂದು ತಳ್ಳಿಹಾಕದ ಅವರ ಹಠವೇ ನನಗೆ ಈ ಕಥೆಯಲ್ಲಿ ಬಹಳ ಇಷ್ಟ.

ಫಾಸ್ಫಾರಿಲೇಸ್ ಎಂದರೆ 800ಕ್ಕೂ ಹೆಚ್ಚು ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಮಡಚಿಕೊಂಡ ಎರಡು ಸರಗಳು ಜೋಡಿಯಾಗಿ ನಿಂತಿರುತ್ತವೆ. ಫಾಸ್ಫೇಟು ಅಂಟುವುದು ಪ್ರತಿ ಸರದ 14ನೆಯ ಮಣಿಗೆ, ಸೆರೀನಿಗೆ. ಫಾಸ್ಫೇಟಿನದು ಋಣ ವಿದ್ಯುದಂಶ. ಅದು ಬಂದು ಕೂತೊಡನೆ ಸರದ ಸಡಿಲ ತುದಿ ಇದ್ದ ಜಾಗ ಬಿಟ್ಟು ಹೊರಳಿ, ಧನ ವಿದ್ಯುದಂಶವುಳ್ಳ ಅರ್ಜಿನೀನ್ ಮಣಿಗಳನ್ನು ಕಚ್ಚಿಕೊಳ್ಳುತ್ತದೆ. ಆ ಎಳೆತಕ್ಕೆ ಎರಡೂ ಸರಗಳು ಕೊಂಚ ತಿರುಗುತ್ತವೆ. ಅಷ್ಟು ದೂರದಲ್ಲಿ, ಗ್ಲೈಕೋಜೆನ್ ಬಿಡಿಸುವ ಕುಳಿಯ ಬಾಯಿಗೆ ಅಡ್ಡವಿದ್ದ ಎಳೆ ಪಕ್ಕಕ್ಕೆ ಸರಿಯುತ್ತದೆ. ಕೆಲಸ ಶುರು! ಹೊಸ ಪ್ರೋಟೀನು ಕಟ್ಟುತ್ತ ಕೂರಬೇಕಿಲ್ಲ, ಇದ್ದದ್ದರ ಆಕಾರ ಬದಲಾದರೆ ಸಾಕು.

ಓಟ ಮುಗಿದ ಮೇಲೆ ಫಾಸ್ಫಟೇಸ್ ಎಂಬ ಕಿಣ್ವ ಆ ಫಾಸ್ಫೇಟನ್ನು ಕಳಚಿಹಾಕುತ್ತದೆ. ಹಾಗೆಂದು ಎಲ್ಲ ಕಡೆಯೂ ಫಾಸ್ಫೇಟು ಎಬ್ಬಿಸುವುದೇ ಅಲ್ಲ. ಗ್ಲೈಕೋಜೆನ್ ಕಟ್ಟುವ ಕಿಣ್ವಕ್ಕೆ ಅಂಟಿದರೆ ಅದರ ಕೆಲಸ ತಗ್ಗುತ್ತದೆ. ಒಂದೇ ಹೊತ್ತಿಗೆ ಬಿಡಿಸುವುದೂ ಕಟ್ಟುವುದೂ ನಡೆದರೆ ಮಾಡಿದ್ದೆಲ್ಲ ದಂಡವಲ್ಲವೇ?

ಈ ಶೋಧಕ್ಕೆ ಫಿಶರ್ ಮತ್ತು ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು. ಮನುಷ್ಯರಲ್ಲಿ 500ಕ್ಕೂ ಹೆಚ್ಚು ಕೈನೇಸ್‌ಗಳಿವೆ. ಅವುಗಳಲ್ಲೊಂದು ಹತೋಟಿ ತಪ್ಪಿ, ನಿಲ್ಲಿಸದೆ ಫಾಸ್ಫೇಟು ಅಂಟಿಸುತ್ತ ಹೋದಾಗ ಬರುವ ರಕ್ತದ ಕ್ಯಾನ್ಸರಿದೆ, ಸಿಎಂಎಲ್ ಎನ್ನುತ್ತಾರೆ. 2001ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಇಮಾಟಿನಿಬ್ ಮಾತ್ರೆ, ಆ ಕೈನೇಸಿನಲ್ಲಿ ಎಟಿಪಿ ಕೂರುವ ಜಾಗವನ್ನೇ ಹಿಡಿದು ಕೂರುತ್ತದೆ. ಮಾತ್ರೆ ಇರುವಷ್ಟು ಹೊತ್ತು ಮಾತ್ರ ಆ ತಡೆ. ನಿಮ್ಮ ಮನೆಯವರು ಯಾರಾದರೂ ಅದನ್ನು ತೆಗೆದುಕೊಳ್ಳುತ್ತಿದ್ದರೆ, ಮೈ ಹಗುರವಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಲು ಬಿಡಬೇಡಿ.